ಹಸಿ ಟೊಶೊದ ಹೊಗೆ

ಮರೆಲ ಮಲಗುವುದನ್ನೇ ಬಿಟ್ಟಿತ್ತು. ಕೊಟ್ಟಿಗೆಯಲ್ಲಿ ಗೊರಸು ಮುಳುಗುವಷ್ಟು ಗಂಜಲ, ಸಗಣಿ. ಅದರ ಕೆಳಗೆ ತಣ್ಣನೆಯ ಕಲ್ಲು. ಆ ಹಳದಿ ಹಸು ಹಗಲೂ ರಾತ್ರಿ ನಿಂತೇ ಇರುತ್ತಿತ್ತು. ಹಿಂಗಾಲುಗಳ ಗೊರಸಿನ ಸಂದಿಯಲ್ಲಿ ಕೀವು ತುಂಬಿತ್ತು. ಅದರ ಒಡತಿ ಸಲದಿನ ಬೆಳಿಗ್ಗೆ ಎದ್ದವಳೇ ಅದರ ಕಾಲ ಬಳಿ ಕೂತು, ಉಪ್ಪುನೀರಿನಲ್ಲಿ ತೊಳೆದು, ತನ್ನ ಹಳೇ ಲಂಗ ಹರಿದು ಸುತ್ತುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ನೆನೆದು ಕಳಚಿ ಸಗಣಿಯಲ್ಲಿ ಬಿದ್ದಿರುತ್ತಿತ್ತು.

ಹಸುವಿನ ಕಾಲ ಕೆಳಗೆ ಹಾಸಲು ಟೊಶೊ ಬೇಕು. ಟೊಶೊ ಪೊದೆಗೆ ಎಲೆ ಎನ್ನುವುದೇ ಇಲ್ಲ, ಮೈಯೆಲ್ಲ ಮುಳ್ಳೇ. ಚಳಿ ಮುಗಿಯುವ ಮೊದಲೇ ಹಳದಿ ಹೂ ಬಿಡುತ್ತದೆ. ಎಳೆಯ ಕುಡಿ ಕುಟ್ಟಿ ಹಾಕಿದರೆ ಮೇವು. ಬಲಿತದ್ದನ್ನು ಕೊಟ್ಟಿಗೆಗೆ ಹಾಸಿದರೆ ಹಾಸಿಗೆ, ಸಗಣಿಯೊಂದಿಗೆ ಕೊಳೆತರೆ ಗೊಬ್ಬರ. ಲಾಮೆಲ ಊರಿನ ಕಲ್ಲುಹೊಲದಲ್ಲಿ ಮೆಕ್ಕೆಜೋಳ ಏಳುವುದು ಆ ಗೊಬ್ಬರದಿಂದ. ಮೇಜಿನ ಮೇಲಿನ ರೊಟ್ಟಿ ಬಂದದ್ದು ಕೊಸ್ತೊಯ ಬೆಟ್ಟದ ಮುಳ್ಳಿನಿಂದ. ಅರಣ್ಯ ಇಲಾಖೆಯವರಿಗೆ ಇದು ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಗೊತ್ತಿತ್ತು.

ಸಲದಿನ ಹುಡುಗಿಯಾಗಿದ್ದಾಗ ಕೊಸ್ತೊಯ ಬುಡದಿಂದ ನೆತ್ತಿಯವರೆಗೆ ಟೊಶೊ. ಮಾರ್ಚಿನಲ್ಲಿ ಇಡೀ ಬೆಟ್ಟ ಹಳದಿ. ಆಮೇಲೆ ಪಟ್ಟಣದಲ್ಲಿ ಯಾರೋ ಯಾವುದೋ ಕಾಗದಕ್ಕೆ ರುಜು ಹಾಕಿದರು. ಬೆಟ್ಟ ಸರ್ಕಾರದ್ದಾಯಿತು, ಟೊಶೊ ಕೊಯ್ಯುವುದು ಕಳ್ಳತನವಾಯಿತು. ಮೊದಲ ವರ್ಷ ನೆತ್ತಿಯ ಟೊಶೊ ಕಿತ್ತು ಪೈನ್ ನೆಟ್ಟರು. ಮರುವರ್ಷ ಅದರ ಕೆಳಗಿನ ಪಟ್ಟಿ. ಆಮೇಲೆ ಹೆಗಲು, ಸೊಂಟ. ಕಪ್ಪು ಹಸಿರು ವರ್ಷ ವರ್ಷ ಕೆಳಗಿಳಿಯಿತು, ಹಳದಿ ವರ್ಷ ವರ್ಷ ಸವೆಯಿತು. ಮೇಕೆಗಳನ್ನು ಹಿಡಿದು ದಂಡ ಹಾಕಿದರು. ಮೇಕೆ ಮಾರಿದರು ಜನ. ಮೇಕೆ ಮಾರಿದ ಮೇಲೆ ಕೂಲಿ ಬೇಕಾಯಿತು. ಕೂಲಿ ಎಲ್ಲಿತ್ತು? ಟೊಶೊ ಕಿತ್ತು ಪೈನ್ ನೆಡುವಲ್ಲಿ ಇತ್ತು. ಗಂಡಸರು ಬ್ಯೂನಸ್ ಐರಿಸಿಗೋ ಕರಾಕಸಿಗೋ ಹಡಗು ಹತ್ತಿದ್ದರು. ತಮ್ಮ ಬೆಟ್ಟವನ್ನು ತಾವೇ ಕೀಳುವ ಕೆಲಸ ಹೆಂಗಸರ ಪಾಲಿಗೆ ಬಂತು. ಗಲಿಸಿಯ ನಾಡಿನ ಬೆಟ್ಟಗಳನ್ನೆಲ್ಲ ಹೀಗೇ ನುಂಗಿದ್ದು.

ಈಗ ಉಳಿದಿದ್ದು ಒಂದೇ ಇಳಿಜಾರು, ಸಲದಿನಳ ಮನೆಯ ಹಿಂದಿನದು.

ಮನೆ ಎಂದು ಅವಳು ಹೇಳುತ್ತಿದ್ದಳು. ಊರು ಗುಡಿಸಲು ಎನ್ನುತ್ತಿತ್ತು. ಅವಳಿಗೆ ತಂದೆ ತಾಯಿ ಇರಲಿಲ್ಲ. ಚರ್ಚಿನ ಜಗಲಿಯಲ್ಲಿ ಸಿಕ್ಕ ಮಗು. ಊರಿನ ದೊಡ್ಡ ಮನೆಯ ಶೆನೆರೋಸ ಸಾಕಿದಳು ಎನ್ನುತ್ತಾರೆ. ಸಾಕುವುದೆಂದರೆ ದನದ ಜೊತೆ ಮಲಗಿಸಿ, ದನಕ್ಕಿಂತ ಮುಂಚೆ ಎಬ್ಬಿಸಿ, ದನಕ್ಕಿಂತ ಹೆಚ್ಚು ದುಡಿಸುವುದಾದರೆ, ಹೌದು, ಸಾಕಿದಳು. ಮೈ ಬಲಿತ ಮೇಲೆ ಸಲದಿನ ಕಲ್ಲು ಹೊತ್ತು ಬೆಟ್ಟದ ಬುಡದಲ್ಲಿ ನಾಲ್ಕು ಗೋಡೆ ಎಬ್ಬಿಸಿದಳು. ಬೆಟ್ಟದಲ್ಲಿ ಪಾಲು ಕೇಳಿದಳು.

ಲಾಮೆಲದಲ್ಲಿ ಬೆಟ್ಟದ ಹಕ್ಕು ಇದ್ದದ್ದು ಹೊಗೆಯಲ್ಲಿ. ಯಾವ ಮನೆಯ ಒಲೆಯಿಂದ ಹೊಗೆ ಏಳುತ್ತದೋ ಆ ಮನೆಗೆ ಟೊಶೊ ಕೊಯ್ಯುವ ಪಾಲು. ಒಲೆ ಆರಿ ಮನೆ ಪಾಳು ಬಿದ್ದರೆ ಪಾಲು ಊರಿಗೆ ವಾಪಸ್. ಅಜ್ಜಂದಿರ ಕಾಲದಿಂದ ಹೀಗೆಯೇ. ಸಲದಿನ ಕೇಳಿದಾಗ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ಊರು ಸೇರಿತ್ತು. ಶೆನೆರೋಸ ಎಲ್ಲರ ಮುಂದೆ ಹೇಳಿದ್ದಳು: "ಗುಡ್ಲುಗುಡ್ಲಿಗೂ ಪಾಲು ಕೊಟ್ರೆ ನಾಳೆ ನಾಯಿ ಬಂದು ಕೇಳ್ತದೆ." ಜನ ನಕ್ಕರು. ಕೊನೆಗೆ ಒಂದು ಮಾತಾಯಿತು. ಇಡೀ ಚಳಿಗಾಲ ಅವಳ ಹೊಗೆ ಒಂದು ದಿನವೂ ನಿಲ್ಲದಿದ್ದರೆ ಅದು ಮನೆ.

ಹೊಗೆ ನಿಲ್ಲಲಿಲ್ಲ. ಜ್ವರದಲ್ಲಿ ಕಣ್ಣು ಕತ್ತಲೆ ಬಂದಾಗಲೂ ತೆವಳಿಕೊಂಡು ಹೋಗಿ ಒಲೆಗೆ ಟೊಶೊ ಒಡ್ಡಿದಳು. ವಸಂತಕ್ಕೆ ಅವಳಿಗೂ ಒಂದು ಪಾಲು ಬಂತು. ಆವತ್ತಿನಿಂದ ಅವಳು ಆಳಲ್ಲ. ಅವಳದೂ ಒಂದು ಮನೆ. ಆದರೂ ಶೆನೆರೋಸ ಮಾತ್ರ ಇವತ್ತಿನವರೆಗೆ ಗುಡ್ಲು ಎನ್ನುವುದನ್ನು ಬಿಟ್ಟಿರಲಿಲ್ಲ.

ಶೆನೆರೋಸಳ ಮಗ ಎವಾರಿಸ್ತೊ ಅರಣ್ಯದ ಕಾವಲುಗಾರನಾಗಿದ್ದ. ಎದೆಗೆ ಅಡ್ಡ ಬೆಲ್ಟು, ಬೆಲ್ಟಿಗೆ ಹಿತ್ತಾಳೆ ಬಿಲ್ಲೆ. ಬಿಲ್ಲೆ ಬಂದ ದಿನದಿಂದ ಅವನ ಬಾಯಲ್ಲಿ ಊರ ಮಾತು ಸತ್ತು ಪಟ್ಟಣದ ಮಾತು ಹುಟ್ಟಿತು. ಊರವನಾದ್ದರಿಂದ ಅವನಿಗೆ ಹೊಗೆ ಓದಲು ಬರುತ್ತಿತ್ತು. ಓಕ್ ಸೌದೆಯ ಹೊಗೆ ತೆಳು, ನೀಲಿ. ಹಸಿ ಟೊಶೊದ ಹೊಗೆ ಬಿಳಿ, ದಪ್ಪ, ಮೂಗಿಗೆ ಖಾರ. ಎಲ್ಲಿ ಬಿಳಿ ಹೊಗೆಯೋ ಅಲ್ಲಿ ದಂಡ. ಹಾಗಾಗಿ ಊರು ಮಂಜು ಕವಿದ ದಿನ ಮಾತ್ರ ಟೊಶೊ ಉರಿಸುವುದನ್ನು ಕಲಿಯಿತು. ತನ್ನ ಒಲೆಯ ಹೊಗೆಯನ್ನು ತಾನೇ ಕದ್ದು ಮುಚ್ಚುವ ಗತಿ ಬಂತು.

ಸಲದಿನ ಕದಿಯಲಿಲ್ಲ. ಮರೆಲದ ಗೊರಸಿನ ಕೀವಿನಲ್ಲಿ ಹುಳು ಕಂಡ ದಿನ ಕುಡುಗೋಲು, ಕವೆಗೋಲು ಹಿಡಿದು ಹಾಡಹಗಲೇ ಹಿಂದಿನ ಇಳಿಜಾರಿಗೆ ಹೋದಳು. ಬಲಿತ ಟೊಶೊ ಕೊಯ್ದು ಹೊರೆ ಕಟ್ಟಿ ಕೊಟ್ಟಿಗೆಯ ಬಾಗಿಲಿಗೆ ತಂದಿಳಿಸುವಾಗ ಎವಾರಿಸ್ತೊ ಎದುರಿಗೆ ನಿಂತಿದ್ದ.

"ಏನು ಮಾಡುತ್ತಿದ್ದೀರಿ?" ಎಂದ.

"ಕಾಣಾಕಿಲ್ವ? ಹಸೂಗೆ ಹಾಸಿಗೆ ಮಾಡ್ತಾವ್ನಿ."

"ಇದು ಸರ್ಕಾರದ ಸ್ವತ್ತು."

"ಸರ್ಕಾರ ಯಾವಾಗ ಬಂದು ಬಿತ್ತಿತ್ತು ಇದ್ನ?"

"ಯಾರೂ ಬಿತ್ತಿಲ್ಲ. ಕಾಡುಪೊದೆ."

"ನಿಮ್ಮಪ್ಪ ಬಿತ್ತಿದ್ದ ಕಣ್ಲಾ! ಸುಟ್ಟ ನೆಲಕ್ಕೆ ರೈ ಕಾಳಿನ ಜೊತೇಲಿ ಟೊಶೊ ಬೀಜ ಬೆರ್ಸಿ ಎರಚ್ತಿದ್ದ. ಬೀಜದ ಬುಟ್ಟಿ ಹೊತ್ತಿದ್ದೋಳು ನಾನು. ನನ್ನ ಬೆನ್ ಮೇಲೆ ಉಚ್ಚೆ ಹುಯ್ಕಂಡು ಕೂತಿದ್ದೋನು ನೀನು."

ಎವಾರಿಸ್ತೊನ ಕಿವಿ ಕೆಂಪಾಯಿತು. ಕುಡುಗೋಲು ಕಿತ್ತು ತನ್ನ ಬೆಲ್ಟಿಗೆ ಸಿಕ್ಕಿಸಿಕೊಂಡ. ಕವೆಗೋಲನ್ನು ಮೊಣಕಾಲಿಗೆ ಒತ್ತಿ ಮುರಿದ. "ಎಲ್ಲಿ ಕೊಯ್ದಿರೋ ಅಲ್ಲೇ ವಾಪಸ್ ಹಾಕಿ ಬನ್ನಿ," ಎಂದ. "ಕೈಯಲ್ಲೇ."

ಕೊಯ್ದ ಟೊಶೊ ಮತ್ತೆ ಬೇರು ಬಿಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಆ ಶಿಕ್ಷೆ ಬೆಟ್ಟಕ್ಕಾಗಿ ಇರಲಿಲ್ಲ. ಹೊರೆ ಬಿಚ್ಚಿಸಿದ. ಅವಳು ತೋಳು ತುಂಬ ತಬ್ಬಿಕೊಂಡು ಹತ್ತಿದಳು, ಎಸೆದಳು, ಇಳಿದಳು, ಮತ್ತೆ ತಬ್ಬಿದಳು. ಮುಳ್ಳು ಅಂಗೈಗೆ, ಮೊಣಕೈಗೆ, ಕುತ್ತಿಗೆಗೆ, ರವಿಕೆ ದಾಟಿ ಮೊಲೆಗೆ ಇಳಿಯಿತು. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸದೆ ನಿಂತರು. ಶೆನೆರೋಸ ತನ್ನ ಮನೆಯ ಬಾಗಿಲಲ್ಲಿ ಕೋಲೂರಿ ನೋಡುತ್ತಿದ್ದಳು. ಕೊನೆಯ ತಬ್ಬು ಎಸೆದು ಬಂದಾಗ ಅವಳ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಕೊಟ್ಟಿಗೆಯೊಳಗೆ ಮರೆಲ ಹಾಗೇ ನಿಂತಿತ್ತು.

ಸಂಜೆ ಪಕ್ಕದ ಮನೆಯ ದೋಸಿಂದ ಎಂಬಾಕೆ ಸೂಜಿ ಹಿಡಿದು ಬಂದಳು. ಗಂಡ ಹಡಗು ಹತ್ತಿ ಹೋದವಳು. ಬಾಯಿ ಜೋರು. ಒಲೆ ಬೆಳಕಿನಲ್ಲಿ ಸಲದಿನಳ ಕೈ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯತೊಡಗಿದಳು.

"ಗುರುವಾರ ಈ ಕಡೇ ಇಳಿಜಾರಿಗೂ ಪೈನ್ ಬೀಳ್ತದಂತೆ," ಎಂದಳು. "ಇಂಜಿನಿಯರೇ ಬತ್ತಾನಂತೆ. ಗುದ್ದಲಿ ತಕ್ಕೊಂಡು ಬರ್ದೇ ಇದ್ದೋರ್ಗೆ ಹಳೇ ದಂಡ ಎಲ್ಲ ಒಟ್ಟಿಗೆ ಹಾಕ್ತಾರಂತೆ."

"ಹಾಕ್ಲಿ."

"ಹಾಕ್ಲಿ ಅಂದ್ರೆ? ನಿನ್ ತಾವ ಏನದೆ ಕಟ್ಟಕೆ? ಹಸ ಮಾರ್ಬುಡು ಕಣೆ. ಕಾಲು ಕೊಳ್ತು ಬಿದ್ರೆ ಆಮೇಲೆ ಕಟುಕನೂ ಕೊಳ್ಳಾಕಿಲ್ಲ."

ಸಲದಿನ ಕೈ ಎಳೆದುಕೊಂಡಳು. "ಹಸ ಮಾರುದ್ರೆ ಗೊಬ್ರ ಇಲ್ಲ. ಗೊಬ್ರ ಇಲ್ದೆ ಜೋಳ ಇಲ್ಲ. ಜೋಳ ಇಲ್ದೆ ಒಲೆ ಮೇಲೆ ಏನ್ ಮಡಗ್ಲಿ? ಒಲೆ ಆರುದ್ರೆ ಎಲ್ಗೋಗ್ಲಿ? ಮತ್ತೆ ಶೆನೆರೋಸನ ದನದ ಕೊಟ್ಗೇಲಿ ಮಲಿಕ್ಕಳ್ಳಾ?"

ದೋಸಿಂದ ಆ ಕೈಯನ್ನು ಮತ್ತೆ ಎಳೆದುಕೊಂಡು ಮುಳ್ಳು ಹುಡುಕಿದಳು. ದನಿ ತಗ್ಗಿಸಿ, "ಹೋದ್ ವರ್ಸ ನಾನು ನೆಟ್ಟ ಪೈನು ಎಲ್ಲ ಒಣಗೋದ್ವಲ್ಲ, ಯಾಕ್ ಗೊತ್ತಾ? ಬೇರು ಮಡಚಿ ಹೂತಿದ್ದೆ," ಎಂದಳು.

"ನಾನು ತಲೆಕೆಳಗ್ ಮಾಡೇ ಹೂತಿದ್ದೆ. ಎವಾರಿಸ್ತೊ ಬಂದ್ರೆ ಮಾತ್ರ ನೆಟ್ಟಗೆ."

"ಥೂ ಮುಂಡೇದೇ! ಅದ್ಕೇ ನಿನ್ ಸಾಲಲ್ಲಿ ಬೇರು ಆಕಾಸ ನೋಡ್ತಿದ್ದೋ!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಗೋಡೆಯಾಚೆ ಮರೆಲ ಒಂದು ಕಾಲೆತ್ತಿ ಇನ್ನೊಂದು ಊರಿದ ಪಚಕ್ ಸದ್ದು ಕೇಳಿತು. ಸಲದಿನಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಬೇರು ಮಡಚುವುದು, ಮಂಜು ಕಾಯುವುದು, ಬೆನ್ನ ಹಿಂದೆ ನಗುವುದು. ಇಷ್ಟೆಲ್ಲ ಮಾಡಿಯೂ ಬೆಟ್ಟ ಹೋಗಿತ್ತು.

ಗುರುವಾರ ಆಕಾಶ ತಿಳಿಯಾಗಿತ್ತು. ಮಂಜಿನ ಸುಳಿವಿಲ್ಲ. ಹೆಂಗಸರು ಗುದ್ದಲಿ ಹೊತ್ತು ಮರದ ಮೆಟ್ಟು ಸದ್ದು ಮಾಡುತ್ತ ಬಂದು ಸಾಲು ನಿಂತರು. ಸಲದಿನಳೂ ನಿಂತಳು. ಕೈಗೆ ಬಟ್ಟೆ ಸುತ್ತಿತ್ತು. ಟೊಶೊ ಬೇರು ಆಳ. ಗುದ್ದಲಿ ಹಾಕಿ, ಅಲುಗಿಸಿ, ಸೊಂಟ ಮುರಿಯುವಂತೆ ಎಳೆದರೆ ಒಂದು ಬುಡ ಬರುತ್ತದೆ. ಬುಡ ಬಂದ ಕಡೆ ಗುಂಡಿ. ಗುಂಡಿಗೊಂದು ಪೈನ್ ಸಸಿ. ಸಸಿಗಳ ಕಟ್ಟು ಹಿಡಿದು ಎವಾರಿಸ್ತೊ ಹಿಂದೆ ಹಿಂದೆ ಬರುತ್ತಿದ್ದ. ಅವಳ ಕುಡುಗೋಲು ಅವನ ಬೆಲ್ಟಿನಲ್ಲೇ ಇತ್ತು.

ಇಂಜಿನಿಯರ್ ಕಾರಿನಿಂದಿಳಿದ. ಕಾರಿನ ಮೂತಿಯ ಮೇಲೆ ನಕ್ಷೆ ಹರಡಿದ. ಒಳ್ಳೆ ಮಾತಿನ ಮನುಷ್ಯ. ಹೆಂಗಸರಿಗೆ ನಮಸ್ಕಾರ ಹೇಳಿದ. ಆಮೇಲೆ ಸಲದಿನಳ ಮನೆಯತ್ತ ಪೆನ್ಸಿಲ್ ತೋರಿಸಿ ಎವಾರಿಸ್ತೊನನ್ನು ಕೇಳಿದ: "ಈ ಕಲ್ಲುಗುಪ್ಪೆ ಏನು?"

"ಒಬ್ಬ ಹೆಂಗಸು ಇದ್ದಾಳೆ, ಸಾರ್."

"ನಕ್ಷೆಯಲ್ಲಿ ಇಲ್ಲವಲ್ಲ. ಇಲ್ಲಿ ಇರೋದು ಖಾಲಿ ಜಾಗ. ಬೇಸಿಗೆಯೊಳಗೆ ತೆಗೆಸಿಬಿಡಿ. ಒಲೆ ಗಿಲೆ ಇದ್ದರೆ ಮರಗಳಿಗೆ ಬೆಂಕಿಯ ಅಪಾಯ."

ಸಲದಿನ ಗುದ್ದಲಿ ಊರಿ ನಕ್ಷೆಯ ಹತ್ತಿರ ಹೋದಳು. ಅವಳಿಗೆ ಅಕ್ಷರ ಬರುವುದಿಲ್ಲ. ಬಣ್ಣ ಬರುತ್ತದೆ. ಇಡೀ ಕೊಸ್ತೊಯ ಒಂದೇ ಹಸಿರು. ಹಳದಿ ಒಂದು ಚುಕ್ಕೆಯೂ ಇಲ್ಲ. ಬೆಟ್ಟದ ಮೇಲೆ ಇನ್ನೂ ಹೂ ಬಿಟ್ಟು ನಿಂತಿದ್ದ ಟೊಶೊವನ್ನು ಇವರು ಆಗಲೇ ಕಾಗದದಲ್ಲಿ ಕಿತ್ತು ಮುಗಿಸಿದ್ದರು. ಅವಳನ್ನೂ ಕಿತ್ತಿದ್ದರು.

"ಖಾಲಿ?" ಎಂದಳು.

"ನೋಡಮ್ಮ, ಬೇಜಾರು ಮಾಡಿಕೊಳ್ಳಬೇಡಿ. ಇದು ಯಾರದ್ದೂ ಅಲ್ಲದ ಪೊದೆಕಾಡು. ದೇಶಕ್ಕೆ ಮರ ಬೇಕು."

ಎವಾರಿಸ್ತೊ ಮುಂದೆ ಬಂದು ಅವಳ ಕೈಗೆ ಸಸಿಗಳ ಕಟ್ಟು ತುರುಕಿದ. "ಮಾತು ಸಾಕು. ನೆಡಿ."

ಅವಳು ಕಟ್ಟು ಬಿಟ್ಟಳು. ಅದು ನೆಲಕ್ಕೆ ಬಿತ್ತು.

"ನೆಡಾಕಿಲ್ಲ."

"ಏನಂದಿರಿ?"

"ನೆಡಾಕಿಲ್ಲ ಅಂದೆ. ಬಿಲ್ಲೆಗೋಸ್ಕರ ಕಿವಿ ಅಡ ಮಡಗಿದ್ದೀಯಾ?"

ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದಳು. ತಾನೇ ಕಿತ್ತು ಒಟ್ಟಿದ್ದ ಹಸಿ ಟೊಶೊವನ್ನು ಬರಿತೋಳಲ್ಲಿ ತಬ್ಬಿದಳು. ಹೋದ ವಾರ ಅವನು ತಬ್ಬಿಸಿದ್ದ ಹಾಗೆಯೇ. ಅದೇ ಮುಳ್ಳು, ಅದೇ ಗಾಯ. ಈ ಸಲ ಯಾರೂ ಹೇಳಿರಲಿಲ್ಲ. ಇಳಿದು ಮನೆಯೊಳಗೆ ಹೋಗಿ, ಬೇರಿನ ಮಣ್ಣು ಸಮೇತ ಒಲೆಗೆ ತುರುಕಿ, ಬೂದಿ ಕೆದಕಿ ಊದಿದಳು. ಚಟಚಟ ಸದ್ದಾಯಿತು. ಕಣ್ಣು ಉರಿಯಿತು. ಅವಳು ಹೊರಗೆ ಬರುವಷ್ಟರಲ್ಲಿ ಮಾಡಿನಿಂದ ಬಿಳಿ ಹೊಗೆ ದಪ್ಪಗೆ ಎದ್ದು ತಿಳಿ ಆಕಾಶಕ್ಕೆ ನೆಟ್ಟಗೆ ಹೋಗುತ್ತಿತ್ತು.

"ಬರ್ಕಳ್ಳಿ ಸ್ವಾಮಿ, ನಿಮ್ಮ ಕಾಗ್ದದಲ್ಲಿ," ಎಂದಳು. "ಖಾಲಿ ಜಾಗದಲ್ಲಿ ಹೊಗೆ ಆಡ್ತದೆ ಅಂತ."

"ದಂಡ ಎರಡರಷ್ಟು!" ಎವಾರಿಸ್ತೊ ಕೂಗಿದ.

"ಹತ್ತರಷ್ಟು ಹಾಕು. ಕಟ್ಟೋಳು ಯಾವಳು?"

ಇಂಜಿನಿಯರ್ ನಕ್ಕ. ಕೆಟ್ಟ ನಗುವೇನಲ್ಲ, ಮಕ್ಕಳ ಹಟ ನೋಡಿ ನಗುವ ನಗು. "ಒಂದು ಗುಡಿಸಲ ಹೊಗೆಗೆ ಹೆದರಿ ಬೆಟ್ಟ ಬಿಟ್ಟು ಹೋಗಬೇಕಾ ನಾವು?" ಎಂದು ನಕ್ಷೆ ಮಡಚತೊಡಗಿದ. ಉಳಿದ ಹೆಂಗಸರತ್ತ ತಿರುಗಿ, "ನಡೀಲಿ ಕೆಲಸ," ಎಂದ.

ಕೆಲಸ ನಡೆಯಲಿಲ್ಲ. ದೋಸಿಂದ ಗುದ್ದಲಿಯನ್ನು ಗುಂಡಿಯೊಳಗೆ ಹಾಕಿದಳು. ಲಂಗದ ಮೇಲೆ ಕಟ್ಟಿದ್ದ ಏಪ್ರನ್ ಹರಡಿ ಅದರ ತುಂಬ ಹಸಿ ಟೊಶೊ ತುಂಬಿಕೊಂಡಳು. ಇಂಜಿನಿಯರ್ ಮುಂದೆಯೇ ಹಾದು ಊರ ಕಡೆ ಇಳಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಸಾಲೇ ಮುರಿಯಿತು. ಯಾರೂ ಘೋಷಣೆ ಕೂಗಲಿಲ್ಲ. ಮರದ ಮೆಟ್ಟುಗಳ ಟಕಟಕ ಮಾತ್ರ.

"ಎಲ್ಲಿಗೆ ಹೋಗ್ತಿದ್ದಾರೆ ಇವರು?" ಇಂಜಿನಿಯರ್ ಕೇಳಿದ.

ಎವಾರಿಸ್ತೊಗೆ ಗೊತ್ತಿತ್ತು. ಊರಿನ ಮಾಡುಗಳತ್ತ ನೋಡಿದ.

ಮೊದಲು ದೋಸಿಂದಳ ಮಾಡು ಬಿಳಿಯಾಯಿತು. ಅದರಾಚೆ ಇನ್ನೊಂದು. ಕೆಳಗಿನ ಕೇರಿಯಲ್ಲಿ ಬೆಟ್ಟಕ್ಕೆ ಬಾರದೆ ಮನೆಯಲ್ಲೇ ಇದ್ದ ಮುದುಕಿಯರೂ ಮೇಲೆ ನೋಡಿ ಅರ್ಥ ಮಾಡಿಕೊಂಡರು. ಅಟ್ಟದಲ್ಲಿ, ಮಂಚದ ಕೆಳಗೆ, ಹುಲ್ಲಿನ ಹಿಂದೆ ಬಚ್ಚಿಟ್ಟಿದ್ದ ಕಳ್ಳ ಟೊಶೊ ಎಲ್ಲ ಒಲೆಗೆ ಬಿತ್ತು. ಮನೆಮನೆಯೂ ಹಾಡಹಗಲಲ್ಲಿ ತನ್ನ ತಪ್ಪನ್ನು ತಾನೇ ಮಾಡು ಹತ್ತಿ ಸಾರುತ್ತಿತ್ತು. ಹೌದು, ಕೊಯ್ದಿದ್ದೇವೆ. ಹೌದು, ಉರಿಸುತ್ತೇವೆ. ಖಾರದ ವಾಸನೆ ಬೆಟ್ಟಕ್ಕೆ ಬಡಿಯಿತು. ಇಂಜಿನಿಯರ್ ಕರವಸ್ತ್ರ ಮೂಗಿಗೆ ಒತ್ತಿಕೊಂಡ.

ಒಂದು ಮನೆ ಮಾತ್ರ ಸುಮ್ಮನಿತ್ತು. ಊರಲ್ಲೇ ದೊಡ್ಡದು, ಕರಿಗಲ್ಲ ಮಾಡಿನದು. ಎವಾರಿಸ್ತೊನ ಕಣ್ಣು ಅಲ್ಲೇ ನೆಟ್ಟಿತ್ತು. ಸಲದಿನಳ ಕಣ್ಣೂ ಅಲ್ಲೇ. ಆ ಮನೆಯ ಒಲೆಗೆ ಅವಳು ಎಷ್ಟು ಸಲ ಮಂಡಿಯೂರಿ ಊದಿರಲಿಲ್ಲ! ಅದು ಹೊಗೆ ಬಿಡುವುದಿಲ್ಲ ಎಂದು ಅವಳಿಗೆ ಖಾತ್ರಿ ಇತ್ತು. ಬಿಡದಿದ್ದರೆ ಬೇಡ, ಸಾಯಲಿ ಅಂದುಕೊಂಡಳು. ಆಗ ಅದರ ಹೊಗೆಗೂಡಿನಿಂದ ಒಂದು ಎಳೆ ಎದ್ದಿತು. ತೆಳ್ಳಗಿತ್ತು, ನೀಲಿಯಾಗಿತ್ತು. ಎವಾರಿಸ್ತೊ ಉಸಿರು ಬಿಟ್ಟ. ಓಕ್ ಸೌದೆ. ಅಷ್ಟರಲ್ಲಿ ನೀಲಿಯನ್ನು ತಳ್ಳಿಕೊಂಡು ಕೆಳಗಿನಿಂದ ಬಿಳಿ ಬಂತು. ಎಲ್ಲಕ್ಕಿಂತ ದಪ್ಪ. ದೊಡ್ಡ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಟೊಶೊ ಬಚ್ಚಿಟ್ಟಿತ್ತು.

"ಅವ್ವೋ," ಎಂದ ಎವಾರಿಸ್ತೊ. "ಇವ್ಳಿಗೇನ್ ಬಂತು!" ಪಟ್ಟಣದ ಮಾತು ಎಲ್ಲಿ ಬಿದ್ದು ಹೋಯಿತೋ.

ಶೆನೆರೋಸ ಕೋಲೂರಿಕೊಂಡು ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದಳು. ಹೆಂಗಸರು ಹಿಂದೆ ಬಂದರು. ಮುದುಕಿ ಇಂಜಿನಿಯರ್ ಕಡೆ ನೋಡಲೂ ಇಲ್ಲ. ನೇರ ಮಗನ ಮುಂದೆ ನಿಂತಳು.

"ಬಿಳಿ ಹೊಗೆ ಬಂದ ಮನೇರ ಹೆಸ್ರು ಬರ್ಕತ್ತೀಯಲ್ಲ? ಬರ್ಕೊ. ಮೊದ್ಲು ನಂದ್ ಬರಿ. ನಿಂಗೆ ಹೆಸ್ರು ಮಡಗ್ದೋಳು ನಾನೇ, ನನ್ ಹೆಸ್ರು ನಿಂಗೆ ಬರ್ಯಕೆ ಬತ್ತದೆ."

"ಅವ್ವ, ಸುಮ್ಕಿರು. ನನ್ ಕೆಲ್ಸ ಹೋಯ್ತದೆ."

"ಹೋಗ್ಲಿ. ಇದ್ದಾಗ ಏನ್ ಕಿಸ್ದೆ? ಹೆಂಗಸ್ರ ಕೈಲಿ ಮುಳ್ಳು ಹೊರ್ಸ್‌ದೆ."

ಆಮೇಲೆ ಸಲದಿನಳ ಕಡೆ ತಿರುಗಿದಳು. ತಪ್ಪಾಯಿತು ಎನ್ನುವ ಜಾತಿಯ ಹೆಂಗಸಲ್ಲ ಅವಳು. ಮಾಡಿನ ಹೊಗೆ ನೋಡಿ ಮುಖ ಕಿವಿಚಿದಳು. "ಇಷ್ಟೇನಾ? ಇನ್ನೆರಡು ತಬ್ಬು ಹಾಕು. ನಿನ್ನ ಮನೆ ಹೊಗೆ ನಮ್ಮ ಬಾಗ್ಲಿಗೆ ಸರ್ಯಾಗಿ ಕಾಣಾಕಿಲ್ಲ."

ನಿನ್ನ ಮನೆ ಅಂದಳು. ಗುಡ್ಲು ಅನ್ನಲಿಲ್ಲ. ಇದನ್ನು ಹೇಳಲು ಈ ಮುದುಕಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಸಲದಿನಳಿಗೆ ರೇಗಿ ಹೋಯಿತು.

ಇಂಜಿನಿಯರ್ ಕಾರು ಹತ್ತಿದ. ನಾಳೆ ಬಂದೂಕಿನವರನ್ನು ಕರೆದುಕೊಂಡೇ ಬರುತ್ತೇನೆ ಎಂದ. ಈಗ ಅವನ ದನಿಯಲ್ಲಿ ನಯ ಇರಲಿಲ್ಲ. ಕಾರು ಹೋಯಿತು. ಪೈನ್ ಸಸಿಗಳ ಕಟ್ಟುಗಳು ಬಿಸಿಲಿಗೆ ಬಿದ್ದುಕೊಂಡಿದ್ದವು. ಅವುಗಳ ಮೇಲೆ ಯಾರಿಗೂ ದ್ವೇಷ ಇರಲಿಲ್ಲ, ಪಾಪ, ಗಿಡಗಳು. ಆದರೆ ಯಾರೂ ಎತ್ತಲಿಲ್ಲ.

ಸಲದಿನ ಎವಾರಿಸ್ತೊ ಹತ್ತಿರ ಹೋದಳು. ಕೇಳಲಿಲ್ಲ. ಅವನ ಬೆಲ್ಟಿನಿಂದ ತನ್ನ ಕುಡುಗೋಲು ಎಳೆದುಕೊಂಡಳು. ಅವನು ಕೈ ಅಡ್ಡ ತರಲಿಲ್ಲ. ತನ್ನ ತಾಯಿಯ ಹೊಗೆ ನೋಡುತ್ತ ನಿಂತಿದ್ದ.

ಇಳಿಜಾರಿಗೆ ಬೆನ್ನು ಬಗ್ಗಿಸಿ ಕೊಯ್ದಳು. ದೋಸಿಂದ ಹೊರೆ ಕಟ್ಟಿದಳು. ಉಳಿದವರು ಕೊಟ್ಟಿಗೆಯ ಕೆಸರನ್ನು ಗುದ್ದಲಿಯಿಂದ ಎಳೆದು ಹೊರಗೆ ಹಾಕಿದರು. ಪೈನ್ ಗುಂಡಿ ತೋಡಲು ತಂದಿದ್ದ ಗುದ್ದಲಿಗಳೇ. ಕಲ್ಲಿನ ಮೇಲೆ ಟೊಶೊ ಬಿತ್ತು. ಅದರ ಮೇಲೆ ಇನ್ನೊಂದು ಪದರ. ಮುಳ್ಳು ಮುರಿಯುವವರೆಗೆ ಹೆಂಗಸರು ಮರದ ಮೆಟ್ಟಿನಲ್ಲಿ ತುಳಿದರು. ಮಾರ್ಚಿನ ಹಳದಿ ಹೂಗಳೂ ಮೆಟ್ಟಿಗೆ ಸಿಕ್ಕಿ ಅರೆದು ಹೋದವು.

ಮರೆಲ ಮೂಸಿತು. ಮೂಸಿ ಒಂದು ಸುತ್ತು ಬಂತು. ಒಂದು ಮುಂಗಾಲು ಮಡಚಿತು. ನೋವಿಗೆ ಹೆದರಿ ಮತ್ತೆ ಎದ್ದಿತು. ಹೆಂಗಸರು ಬಾಗಿಲಲ್ಲಿ ಉಸಿರು ಹಿಡಿದು ನಿಂತರು. ಆಮೇಲೆ ಎರಡೂ ಮುಂಗಾಲು ಮಡಚಿ, ಹಿಂಭಾಗ ಇಳಿಸಿ, ಇಡೀ ಮೈಯ ಭಾರವನ್ನು ಟೊಶೊದ ಮೇಲೆ ಬಿಟ್ಟು ಹಸು ಮಲಗಿತು. ದೊಡ್ಡದೊಂದು ನಿಟ್ಟುಸಿರು ಬಿಟ್ಟಿತು.

ಸಲದಿನ ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಡುಗೋಲು ತೊಡೆಯ ಮೇಲಿಟ್ಟು ಕೂತಳು. ನಾಳೆ ಬಂದೂಕಿನವರು ಬರುತ್ತಾರೆ. ಬರಲಿ. ಹಸು ಮಲಗಿದೆ. ಎಬ್ಬಿಸಬೇಕೆಂದರೆ ಮೊದಲು ಹೊಸ್ತಿಲಲ್ಲಿ ಕೂತವಳನ್ನು ಎಬ್ಬಿಸಬೇಕು. ಅವಳು ಏಳುವುದಿಲ್ಲ.